ದಿಬ್ಬದ ಮಣ್ಣಿನಲ್ಲಿ ಏನಿದೆ ಅಂತ ಒಮ್ಮೆ ಪರೀಕ್ಷೆ ಮಾಡಿಸಿ: ಚಿತ್ರದುರ್ಗ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ,
ಚಿತ್ರದುರ್ಗ ಜಿಲ್ಲೆ, ಚಿತ್ರದುರ್ಗ.

ಮಾನ್ಯರೇ, ನಮಸ್ಕಾರ.

ನಾನು ತಮ್ಮ ಜಿಲ್ಲೆಯ ಒಂದು ಹಳ್ಳಿಯ ಸೊಸೆ. ಮದುವೆಯಾಗಿ ಇಲ್ಲಿಗೆ ಬಂದು ಹದಿನಾರು ವರ್ಷವಾಯಿತು. ಬಿ.ಎಸ್‌ಸಿ. ಓದಿದ್ದೇನೆ. ಹೊಲದ ಕೆಲಸದ ಜೊತೆಗೆ, ನಮ್ಮ ಸ್ತ್ರೀಶಕ್ತಿ ಸಂಘದ ಪರವಾಗಿ ಊರಿನ ಶುದ್ಧ ಕುಡಿಯುವ ನೀರಿನ ಘಟಕ ನೋಡಿಕೊಳ್ಳುತ್ತೇನೆ. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆಯುವುದು, ಮಷಿನ್ ಕೆಟ್ಟರೆ ಮೆಕ್ಯಾನಿಕ್‌ಗೆ ಫೋನ್ ಮಾಡುವುದು, ನೀರಿನ ಪರೀಕ್ಷೆಯ ವರದಿ ಬಂದರೆ ಗೋಡೆಗೆ ಅಂಟಿಸುವುದು, ಇವೆಲ್ಲ ನನ್ನ ಕೆಲಸ. ಅಂಥ ಒಂದು ವರದಿಯನ್ನು ಅಂಟಿಸುವಾಗ ಹುಟ್ಟಿದ ಪ್ರಶ್ನೆಯೇ ಈ ಪತ್ರಕ್ಕೆ ಕಾರಣ: ಊರ ಪಕ್ಕದ ಹಳೇ ಚಿನ್ನದ ಗಣಿಯ ಪುಡಿಯಿಂದ ನಮ್ಮ ನೀರಿಗೆ, ಮಣ್ಣಿಗೆ ಆರ್ಸೆನಿಕ್ ಅನ್ನುವ ವಿಷ ಸೇರಿದೆಯಾ ಅಂತ ಯಾರೂ ಯಾಕೆ ನೋಡಿಲ್ಲ?

ಊರಿನ ಹೆಸರನ್ನು ತಮ್ಮ ಕಚೇರಿಗೆ ಬೇರೆಯಾಗಿ ಕಳಿಸಿರುವ ಅರ್ಜಿಯಲ್ಲಿ ಬರೆದಿದ್ದೇನೆ. ಇಲ್ಲಿ ಬರೆಯುತ್ತಿಲ್ಲ. ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ನೀರಿನ ಊರು ಅಂತ ಹೆಸರು ಬಿದ್ದ ಹಳ್ಳಿಗಳಿಗೆ ಹೆಣ್ಣು ಕೊಡೋಕೆ ಜನ ಹಿಂದೆಮುಂದೆ ನೋಡಿದ್ದನ್ನು ನಾವು ಕಣ್ಣಾರೆ ಕಂಡವರು. ನಮ್ಮೂರಿಗೆ ಇನ್ನೊಂದು ಹೆಸರು ಅಂಟುವುದು ಬೇಡ. ಅದಕ್ಕಿಂತ ಮೊದಲು ನಿಜ ಏನು ಅಂತ ಗೊತ್ತಾಗಲಿ.

ನಮ್ಮೂರಿನ ಪಡುವಲಕ್ಕೆ ಒಂದು ದಿಬ್ಬ ಇದೆ. ಹಿರಿಯರು ಅದನ್ನು ಗಣಿದಿಬ್ಬ ಅಂತಾರೆ, ಮಕ್ಕಳು ಪೌಡರ್ ಗುಡ್ಡ ಅಂತಾರೆ. ಸುತ್ತಲಿನ ಮರಡಿಗಳೆಲ್ಲ ಕಲ್ಲು, ಕಾರೆ, ತಂಗಡಿ ಗಿಡ ಇರುವ ಮರಡಿಗಳು. ಇದೊಂದೇ ಬೋಳು. ಬೂದಿ ಬಣ್ಣ, ಕೈಯಲ್ಲಿ ಹಿಡಿದರೆ ರಾಗಿ ಹಿಟ್ಟಿನಷ್ಟು ನುಣುಪು. ಅಂಚಿನಲ್ಲಿ ಬಳ್ಳಾರಿ ಜಾಲಿ ಬೆಳೆದಿದೆ, ನಡುವೆ ಹುಲ್ಲು ಕೂಡ ಹುಟ್ಟುವುದಿಲ್ಲ. ಬೇಸಿಗೆಯಲ್ಲಿ ಮೇಲೆ ಬಿಳಿ ಉಪ್ಪಿನ ಹಾಗೆ ಏನೋ ಕೂರುತ್ತದೆ. ಮಳೆ ಬಿದ್ದ ಮೇಲೆ ಬುಡದಲ್ಲಿ ತುಕ್ಕಿನ ಬಣ್ಣದ ನೀರು ನಿಲ್ಲುತ್ತದೆ. ದಿಬ್ಬದ ಆಚೆ ಎರಡು ಹಳೇ ಗಣಿ ಬಾವಿಗಳಿವೆ. ಒಂದಕ್ಕೆ ಯಾರೋ ಜಾಲಿ ಮುಳ್ಳು ಒಟ್ಟಿದ್ದಾರೆ. ಇನ್ನೊಂದು ಬಾಯಿ ತೆರೆದುಕೊಂಡೇ ಇದೆ.

ನಮ್ಮ ಅತ್ತೆಯವರ ಮಾವ ಆ ಗಣಿಯಲ್ಲಿ ಕಲ್ಲು ಹೊತ್ತವರಂತೆ. ಬಿಳಿಯರ ಕಂಪನಿಯ ಕಾಲ. ಹಗಲೂ ರಾತ್ರಿ ಕಲ್ಲು ಕುಟ್ಟುವ ಯಂತ್ರದ ಸದ್ದು ಕೇಳುತ್ತಿತ್ತು ಅಂತ ಅವರು ಹೇಳುತ್ತಿದ್ದರಂತೆ. ಆಮೇಲೆ ಕಂಪನಿ ಹೋಯಿತು, ಯಂತ್ರ ಕಬ್ಬಿಣದ ಬೆಲೆಗೆ ಹೋಯಿತು. ಪುಡಿ ಉಳಿಯಿತು.

ಇದು ನಮ್ಮೂರಿನ ಒಂದೇ ಕಥೆಯಲ್ಲ ಅಂತ ತಮಗೆ ತಿಳಿದಿದೆ. ಚಿತ್ರದುರ್ಗದ ಹೆಸರನ್ನೇ ಹೊತ್ತ ಕಲ್ಲಿನ ಪಟ್ಟಿಯೊಂದು ಗದಗದ ಕಡೆಯಿಂದ ನಮ್ಮ ಜಿಲ್ಲೆ ಹಾಯ್ದು ಶ್ರೀರಂಗಪಟ್ಟಣದ ಕಡೆಗೆ ಸಾಗುತ್ತದೆ. ಚಿನ್ನ, ತಾಮ್ರ, ಕಬ್ಬಿಣ, ಮ್ಯಾಂಗನೀಸ್ ಎಲ್ಲ ಆ ಪಟ್ಟಿಯಲ್ಲೇ ಸಿಕ್ಕಿದ್ದು. ಗುಡ್ಡದ ರಂಗವ್ವನಹಳ್ಳಿಯ ಹತ್ತಿರದ ಹೊನ್ನೇಮರಡಿಯ ಹೆಸರಲ್ಲೇ ಹೊನ್ನಿದೆ. ಇಂಗಳದಾಳದಲ್ಲಿ ತಾಮ್ರದ ಗಣಿ ನಡೆದು ನಿಂತಿತು. ದಾವಣಗೆರೆ ಕಡೆ ಹೋದರೆ ಹೊನ್ನಾಳಿ ಸೀಮೆಯ ಕುದುರೆಕೊಂಡ, ಪಲವನಹಳ್ಳಿಗಳಲ್ಲಿ ಹಿಂದೆ ಚಿನ್ನಕ್ಕಾಗಿ ಅಗೆದಿದ್ದಾರೆ. ಕಂಪನಿಗಳು ಬರುವುದಕ್ಕೆ ಎಷ್ಟೋ ಮುಂಚೆ ಗದಗದ ಕಪ್ಪತಗುಡ್ಡದ ಕಡೆ ಜಲಗಾರರು ಹಳ್ಳದ ಮರಳನ್ನು ಮರಿಗೆಯಲ್ಲಿ ತೊಳೆದು ಚಿನ್ನದ ಪುಡಿ ತೆಗೆಯುತ್ತಿದ್ದರು. ಅವರು ತೊಳೆದ ಮರಳು ಮತ್ತೆ ಹಳ್ಳಕ್ಕೇ ಹೋಗುತ್ತಿತ್ತು. ಗುಡ್ಡ ಒಡೆದು, ಕಲ್ಲನ್ನು ಹಿಟ್ಟು ಮಾಡಿ, ಆ ಹಿಟ್ಟನ್ನು ಊರ ಪಕ್ಕ ಒಟ್ಟಿದ್ದು ಯಂತ್ರ ಬಂದ ಮೇಲೆ.

ಈಗ ನಮ್ಮ ಮನೆಯ ವಿಷಯ ಹೇಳುತ್ತೇನೆ. 2012ರಲ್ಲಿ ನಾವು ಮನೆ ಕಟ್ಟಿದೆವು. ಪಾಯ ತುಂಬಿಸೋಕೆ ಮಣ್ಣು ಬೇಕಿತ್ತು. ಮರಳು ಸಿಗುತ್ತಿರಲಿಲ್ಲ, ಸಿಕ್ಕರೂ ಕೊಳ್ಳುವ ಶಕ್ತಿ ಇರಲಿಲ್ಲ. ಎಲ್ಲರೂ ಮಾಡುವಂತೆ ನಾವೂ ದಿಬ್ಬದಿಂದ ಏಳು ಟ್ರ್ಯಾಕ್ಟರ್ ಲೋಡು ಹೊಡೆಸಿದೆವು. ಉಳಿದ ಒಂದು ಲೋಡನ್ನು ಅಂಗಳಕ್ಕೆ ಹರಡಿದೆವು, ಮಳೆಗಾಲದಲ್ಲಿ ಕೆಸರಾಗದಿರಲಿ ಅಂತ. ನನ್ನ ಮಗಳು ಅಂಬೆಗಾಲಿಟ್ಟಿದ್ದು ಆ ಅಂಗಳದಲ್ಲೇ. ಮಣ್ಣು ಬಾಯಿಗೆ ಹಾಕಿಕೊಳ್ಳುವ ವಯಸ್ಸು ಅದು. ಬೈದು ಬೆರಳು ಹಾಕಿ ತೆಗೆಯುತ್ತಿದ್ದೆ. ಆ ಮಣ್ಣು ಎಲ್ಲಿಂದ ಬಂದದ್ದು ಅನ್ನುವುದು ಆಗ ನನ್ನ ತಲೆಗೆ ಬರಲೇ ಇಲ್ಲ. ಕೆಮಿಸ್ಟ್ರಿ ಓದಿದ ನನಗೇ ಬರಲಿಲ್ಲ ಅಂದ ಮೇಲೆ ಬೇರೆಯವರನ್ನು ಏನು ಕೇಳೋಣ?

ನಮ್ಮೂರಲ್ಲಿ ಈ ಪುಡಿ ಇಲ್ಲದ ಮನೆ ಕಡಿಮೆ. ಸಿಮೆಂಟ್ ಜೊತೆ ಸೇರಿಸಿ ಗಿಲಾವು ಮಾಡಿದವರಿದ್ದಾರೆ. ಕೊಟ್ಟಿಗೆಗೆ ಹಾಕಿದವರಿದ್ದಾರೆ. ಮೂರು ವರ್ಷದ ಹಿಂದೆ ಅಂಗನವಾಡಿಯ ಮುಂದಿನ ತಗ್ಗನ್ನು ಮುಚ್ಚೋಕೆ ಇದನ್ನೇ ತಂದು ಸುರಿದರು. ಗುತ್ತಿಗೆದಾರನಿಗೆ ಹತ್ತಿರದಲ್ಲಿ ಬಿಟ್ಟಿ ಸಿಗುವ ಮಣ್ಣು ಇದೊಂದೇ. ಈಗ ಮೂರರಿಂದ ಆರು ವರ್ಷದ ಮಕ್ಕಳು ದಿನಾ ಅದರ ಮೇಲೆ ಕೂತು ಮನೆ ಕಟ್ಟುವ ಆಟ ಆಡುತ್ತವೆ.

ಇದರಲ್ಲಿ ಏನಿರಬಹುದು ಅಂತ ನಾನು ಓದಿಕೊಂಡದ್ದನ್ನು ಸರಳವಾಗಿ ಹೇಳುತ್ತೇನೆ. ಈ ಪತ್ರವನ್ನು ನಮ್ಮ ಸಂಘದವರೂ ಓದುತ್ತಾರೆ, ಅವರಿಗೂ ತಿಳಿಯಲಿ.

ಚಿನ್ನದ ಗಣಿಯ ಒಂದು ಟನ್ ಕಲ್ಲಿನಲ್ಲಿ ಇರುವ ಚಿನ್ನ ಸಾಮಾನ್ಯವಾಗಿ ಕೆಲವೇ ಗ್ರಾಂ. ಒಂದು ಉಂಗುರಕ್ಕೆ ಸಾಕಾಗುವಷ್ಟು ಅನ್ನಿ. ಉಳಿದ ಟನ್ ಪೂರ್ತಿ ತ್ಯಾಜ್ಯ. ನಮ್ಮ ಕಡೆಯ ಇಂಥ ಕಲ್ಲಿನಲ್ಲಿ ಚಿನ್ನ ಒಂಟಿಯಾಗಿ ಇರುವುದು ಕಡಿಮೆ. ಗಂಧಕ ಸೇರಿದ ಅದಿರುಗಳ ಜೊತೆ ಇರುತ್ತದೆ. ಅವುಗಳಲ್ಲಿ ಒಂದು ಆರ್ಸೆನೊಪೈರೈಟ್. ಕಬ್ಬಿಣ, ಗಂಧಕ, ಆರ್ಸೆನಿಕ್ ಮೂರೂ ಸೇರಿದ ಕಲ್ಲು ಅದು. ಭೂಮಿಯ ಒಳಗೆ, ಗಟ್ಟಿ ಕಲ್ಲಿನಲ್ಲಿ ಬಂದಿಯಾಗಿರುವಾಗ ಅದು ಯಾರಿಗೂ ಹೆಚ್ಚು ತೊಂದರೆ ಕೊಡುವುದಿಲ್ಲ. ಅದನ್ನು ಹಿಟ್ಟಿನಂತೆ ಅರೆದು ಬಯಲಿಗೆ ಹಾಕಿದಾಗ ಗಾಳಿ ಮತ್ತು ಮಳೆ ಒಂದೊಂದು ಕಣಕ್ಕೂ ತಾಗುತ್ತವೆ. ಗಂಧಕ ಆಮ್ಲವಾಗುತ್ತದೆ. ಆಮ್ಲ ಉಳಿದ ಲೋಹಗಳನ್ನು ಕರಗಿಸಿ ನೀರಿಗೆ ಬಿಡುತ್ತದೆ. ಗಣಿಯ ನೀರು ತುಕ್ಕಿನ ಬಣ್ಣಕ್ಕೆ ತಿರುಗುವುದು ಹೀಗೆ, ಕರಗಿದ ಕಬ್ಬಿಣದಿಂದ. ನಮ್ಮ ದಿಬ್ಬದ ಬುಡದಲ್ಲಿ ಆ ಬಣ್ಣವನ್ನು ಪ್ರತಿ ಮಳೆಗಾಲ ನೋಡುತ್ತೇನೆ.

ಇನ್ನು ಪಾದರಸ. ಹಳೇ ಕಾಲದಲ್ಲಿ ಕುಟ್ಟಿದ ಕಲ್ಲನ್ನು ನೀರಿನ ಜೊತೆ ಪಾದರಸ ಸವರಿದ ತಾಮ್ರದ ತಗಡುಗಳ ಮೇಲೆ ಹರಿಸುತ್ತಿದ್ದರು. ಚಿನ್ನ ಪಾದರಸಕ್ಕೆ ಅಂಟಿಕೊಳ್ಳುತ್ತಿತ್ತು. ಅಷ್ಟೋ ಇಷ್ಟೋ ಪಾದರಸ ಪುಡಿಯ ಜೊತೆಗೇ ಹೋಗುತ್ತಿತ್ತು. 1887ರಲ್ಲಿ ಸ್ಕಾಟ್‌ಲೆಂಡಿನಲ್ಲಿ ಸೈನೈಡ್‌ನಿಂದ ಚಿನ್ನ ಕರಗಿಸುವ ವಿಧಾನ ಕಂಡುಕೊಂಡರು. ಅದು ಕೋಲಾರಕ್ಕೂ ಬಂತು. ಅದಕ್ಕೇ ಅಲ್ಲಿನ ದಿಬ್ಬಗಳಿಗೆ ಇವತ್ತೂ ಸೈನೈಡ್ ಗುಡ್ಡ ಅಂತ ಹೆಸರು. ಜನ ಆ ಒಂದು ಪದಕ್ಕೆ ಜಾಸ್ತಿ ಹೆದರುತ್ತಾರೆ. ನಿಜ ಹೇಳಬೇಕೆಂದರೆ ಸೈನೈಡ್ ಬಿಸಿಲಿಗೆ, ಗಾಳಿಗೆ ಕಾಲಕ್ರಮದಲ್ಲಿ ಬಹುಮಟ್ಟಿಗೆ ಒಡೆದು ಹೋಗುತ್ತದೆ. ಆರ್ಸೆನಿಕ್ ಹಾಗಲ್ಲ. ಅದು ಮೂಲವಸ್ತು. ನೂರು ವರ್ಷವಾದರೂ ಆರ್ಸೆನಿಕ್ ಆರ್ಸೆನಿಕ್ಕೇ. ನೀರಿನಲ್ಲಿದ್ದರೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕುದಿಸಿದರೂ ಹೋಗುವುದಿಲ್ಲ.

ಈಗ ವರದಿಗೆ ಬರುತ್ತೇನೆ. ನಮ್ಮ ಘಟಕದ ಗೋಡೆಗೆ ಅಂಟಿಸಿದ ವರದಿಯಲ್ಲಿ ಪಿಎಚ್ ಇದೆ, ಗಡಸುತನ ಇದೆ, ಟಿಡಿಎಸ್, ಕ್ಲೋರೈಡ್, ನೈಟ್ರೇಟ್, ಕಬ್ಬಿಣ ಇದೆ. ಫ್ಲೋರೈಡ್ ದೊಡ್ಡದಾಗಿ ಇದೆ. ಚಿತ್ರದುರ್ಗದಲ್ಲಿ ಅದು ಇರಲೇಬೇಕು, ಸರಿ. ಆರ್ಸೆನಿಕ್ ಇಲ್ಲ. ನಾನು ಹಳೇ ವರದಿಗಳನ್ನೆಲ್ಲ ತೆಗೆದು ನೋಡಿದೆ. ಒಂದರಲ್ಲೂ ಆ ಸಾಲೇ ಇಲ್ಲ. ಪಾದರಸದ ಸಾಲೂ ಇಲ್ಲ. ನೀರು ‘ಕುಡಿಯಲು ಯೋಗ್ಯ’ ಅಂತ ಕೆಳಗೆ ಸೀಲು ಮಾತ್ರ ಇದೆ. ಹಳೇ ಚಿನ್ನದ ಗಣಿಯ ಪಕ್ಕದ ಊರಿಗೂ, ಗಣಿಯನ್ನೇ ನೋಡದ ಊರಿಗೂ ಒಂದೇ ಪಟ್ಟಿ ಹಿಡಿದು ಪರೀಕ್ಷೆ ಮಾಡಿದರೆ ಹೇಗೆ?

ನಮ್ಮ ನೀರಿನಲ್ಲಿ ಆರ್ಸೆನಿಕ್ ಇದೆ ಅಂತ ನಾನು ಹೇಳುತ್ತಿಲ್ಲ. ಇಲ್ಲ ಅಂತ ಹೇಳೋಕೆ ಯಾರೂ ಅಳೆದೇ ಇಲ್ಲ. ನನ್ನ ದೂರು ಇಷ್ಟೇ.

ಸುಮ್ನೆ ಹೆದರಿಸುತ್ತಿದ್ದೀರಿ ಅಂತ ಒಬ್ಬರು ನನಗೆ ಹೇಳಿದರು. ಅವರಿಗೆ ಯಾದಗಿರಿ ಜಿಲ್ಲೆ ಸುರಪುರ ತಾಲೂಕಿನ ಕಿರದಳ್ಳಿ ತಾಂಡಾದ ಸಂಗತಿ ಹೇಳಿದೆ. ತಮಗೂ ಹೇಳುತ್ತೇನೆ. ಅದು ಮಂಗಳೂರು ಅನ್ನುವ ಊರಿನ ಹಳೇ ಚಿನ್ನದ ಗಣಿಯ ಹತ್ತಿರದ ತಾಂಡಾ. ಕರಾವಳಿಯ ಮಂಗಳೂರಲ್ಲ, ಅದೇ ಸೀಮೆಯ ಹಳ್ಳಿ. ತಾಂಡಾದ ಜನರ ಮೈಮೇಲೆ ಕಪ್ಪು ಚುಕ್ಕೆ ಎದ್ದವು, ಅಂಗೈ ಅಂಗಾಲು ಗಂಟುಗಂಟಾಗಿ ಒರಟಾದವು. 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಆ ಭಾಗದ 59 ಕೊಳವೆಬಾವಿಗಳ ನೀರು ನೋಡಿದಾಗ 79 ಶೇಕಡಾ ಮಾದರಿಗಳಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೋಗ್ರಾಂ ಮಿತಿಗಿಂತ ಜಾಸ್ತಿ ಇತ್ತು. ಒಂದರಲ್ಲಿ 303. ಪರೀಕ್ಷೆ ಮಾಡಿದ 181 ಜನರಲ್ಲಿ 58.6 ಶೇಕಡಾ ಮಂದಿಗೆ ಆರ್ಸೆನಿಕ್‌ನಿಂದ ಬರುವ ಚರ್ಮದ ಗುರುತುಗಳಿದ್ದವು. ಮೇಲ್ಮಣ್ಣಿನ 12 ಮಾದರಿ ತೆಗೆದರೆ ಆರರಲ್ಲಿ ಕಿಲೋ ಮಣ್ಣಿಗೆ 2000 ಮಿಲಿಗ್ರಾಂಗಿಂತ ಹೆಚ್ಚು ಆರ್ಸೆನಿಕ್. ಲೆಕ್ಕ ಹಾಕಿ ನೋಡಿ, ಒಂದು ಟನ್ ಮಣ್ಣಿಗೆ ಎರಡು ಕಿಲೋ. ಚಿನ್ನ ಸಿಗುವುದು ಗ್ರಾಂಗಳಲ್ಲಿ, ಅಲ್ವಾ?

ಅಷ್ಟೂ ಗಣಿಯಿಂದಲೇ ಬಂತು ಅಂತ ಆ ಅಧ್ಯಯನ ಮಾಡಿದವರು ಹೇಳಲಿಲ್ಲ. ಅಲ್ಲಿನ ಕಲ್ಲಿನಿಂದ ಎಷ್ಟು, ಗಣಿಯ ಪುಡಿಯಿಂದ ಎಷ್ಟು ಅಂತ ಇನ್ನೂ ನೋಡಬೇಕು ಎಂದರು. ಕುಡಿಯುವವರಿಗೆ ಎಲ್ಲಿಂದ ಬಂದರೂ ವಿಷವೇ. ಆ ಕಲ್ಲಿನ ಪಟ್ಟಿ ಬೇರೆ, ನಮ್ಮದು ಬೇರೆ, ಒಪ್ಪುತ್ತೇನೆ. ಕಲ್ಲಿನ ಜಾತಿ ಮಾತ್ರ ಒಂದೇ. ಅಲ್ಲಿಯೂ ಹಳೇ ಗಣಿ, ಇಲ್ಲಿಯೂ ಹಳೇ ಗಣಿ. ಅಲ್ಲಿ ಜನರ ಮೈಮೇಲೆ ಗುರುತು ಎದ್ದ ಮೇಲೆ ಪರೀಕ್ಷೆ ನಡೆಯಿತು. ನಮ್ಮಲ್ಲಿ ಅದಕ್ಕೆ ಮೊದಲೇ ನಡೆಯಲಿ ಅಂತ ಕೇಳುತ್ತಿದ್ದೇನೆ.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ಆರ್ಸೆನಿಕ್ ಒಂದೆರಡು ದಿನದಲ್ಲಿ ತೋರುವುದಿಲ್ಲ. ವರ್ಷಗಟ್ಟಲೆ ಕುಡಿದ ಮೇಲೆ ಚರ್ಮದಲ್ಲಿ ತೋರುತ್ತದೆ. ಮುಂದೆ ಚರ್ಮ, ಶ್ವಾಸಕೋಶ, ಮೂತ್ರಕೋಶದ ಕ್ಯಾನ್ಸರ್‌ಗೂ ದಾರಿ ಮಾಡುತ್ತದೆ. ಹೊಲದಲ್ಲಿ ಬರಿಗಾಲಲ್ಲಿ ದುಡಿಯುವ ನಮ್ಮ ಹೆಂಗಸರ ಅಂಗಾಲು ಹೇಗೂ ಒಡೆದೇ ಇರುತ್ತದೆ. ಅದನ್ನು ನೋಡಿ ಆರ್ಸೆನಿಕ್ ಇರಬಹುದಾ ಅಂತ ಯಾವ ಡಾಕ್ಟರ್ ಯೋಚಿಸುತ್ತಾರೆ? ಮುಲಾಮು ಬರೆದುಕೊಡುತ್ತಾರೆ.

ಊರಲ್ಲಿ ಫಿಲ್ಟರ್ ನೀರಿದೆಯಲ್ಲ ಅಂತ ತಾವು ಕೇಳಬಹುದು. ಇದೆ. ಆದರೆ ಆ ಕ್ಯಾನಿನ ನೀರು ಕುಡಿಯೋಕೆ ಮಾತ್ರ. ಅನ್ನ, ಸಾರು, ಮುದ್ದೆಗೆ ನಲ್ಲಿಯಲ್ಲಿ ಬರುವ ಬೋರಿನ ನೀರೇ. ದನ, ಕುರಿಗಳಿಗೆ ಗೋಕಟ್ಟೆಯ ನೀರು. ಗೋಕಟ್ಟೆ ಇರುವುದು ದಿಬ್ಬದ ಕೆಳಗಿನ ಇಳಿಜಾರಿನಲ್ಲಿ. ಕರೆಂಟ್ ಇಲ್ಲದ ದಿನ ಘಟಕ ನಡೆಯುವುದಿಲ್ಲ, ಆಗ ಎಲ್ಲರೂ ಬೋರಿನ ನೀರನ್ನೇ ಕುಡಿಯುತ್ತಾರೆ.

2022 ತಮಗೆ ನೆನಪಿರಬೇಕು. 1933ರ ನಂತರ ಮೊದಲ ಸಲ ವಾಣಿವಿಲಾಸ ಸಾಗರ ಕೋಡಿ ಬಿದ್ದ ವರ್ಷ. ಇಡೀ ಜಿಲ್ಲೆ ಆ ಜಲಾಶಯವಿರುವ ಮಾರಿಕಣಿವೆಗೆ ಜಾತ್ರೆಯಂತೆ ಹೋಗಿ ನೋಡಿತು. ನಾವೂ ಹೋಗಿದ್ದೆವು. ಬರದ ಸೀಮೆಯವರಿಗೆ ಅಷ್ಟು ನೀರು ನೋಡುವ ಸಂತೋಷ ಎಂಥದು ಅಂತ ಹೇಳೋಕಾಗಲ್ಲ. ಅದೇ ಮಳೆ ನಮ್ಮ ದಿಬ್ಬವನ್ನು ಎರಡು ಕಡೆ ಸೀಳಿತು. ಬೂದಿ ಬಣ್ಣದ ರಾಡಿ ಹಳ್ಳಕ್ಕೆ ಇಳಿಯಿತು, ಗೋಕಟ್ಟೆಗೆ ತುಂಬಿತು, ಕೆಳಗಿನ ಮೂರು ಹೊಲಗಳಲ್ಲಿ ಗೇಣುದ್ದ ಕೂತಿತು. ಅದರಲ್ಲಿ ಒಂದು ನಮ್ಮ ಮೈದುನನ ಹೊಲ. ಮರುವರ್ಷ ಆ ಪಟ್ಟಿಯಲ್ಲಿ ಶೇಂಗಾ ಹಾಕಿದರು. ಮೊಳಕೆ ಬಂದು ಹಳದಿಯಾಗಿ ನಿಂತಿತು. ಪಕ್ಕದ ಪಟ್ಟಿಯಲ್ಲಿ ಅದೇ ಬೀಜ, ಅದೇ ಗೊಬ್ಬರ, ಬೆಳೆ ಚೆನ್ನಾಗಿತ್ತು. ಮೈದುನ ಆ ಮಣ್ಣನ್ನು ಕೆರೆದು ಬದುವಿಗೆ ಹಾಕಿದ. ಬೇರೆ ಏನು ಮಾಡಬೇಕು ಅಂತ ಅವನಿಗೆ ಹೇಳುವವರು ಯಾರೂ ಇರಲಿಲ್ಲ.

ಮಳೆಗಿಂತ ಗಾಳಿ ಕಷ್ಟ. ನಮ್ಮ ಜಿಲ್ಲೆಯ ಗಾಳಿ ಎಷ್ಟು ಜೋರು ಅಂತ ಗುಡ್ಡಗಳ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳೇ ಹೇಳುತ್ತವೆ. ಆ ಗಾಳಿಯಿಂದ ಕರೆಂಟ್ ಬರುತ್ತದೆ, ಒಳ್ಳೆಯದು. ಅದೇ ಗಾಳಿ ಆಷಾಢದಲ್ಲಿ ದಿಬ್ಬದ ಪುಡಿಯನ್ನು ಎತ್ತಿ ಊರಿನ ಮೇಲೆ ಹಾಕುತ್ತದೆ. ಪಡುವಲ ಗಾಳಿ, ಪಡುವಲಕ್ಕೇ ದಿಬ್ಬ. ಬೆಳಿಗ್ಗೆ ಒರೆಸಿದ ನೀರಿನ ಘಟಕದ ಕಿಟಕಿ ಮಧ್ಯಾಹ್ನಕ್ಕೆ ಬೂದಿಯಾಗಿರುತ್ತದೆ. ಒಣಹಾಕಿದ ಸಂಡಿಗೆ, ಮೆಣಸಿನಕಾಯಿ ಮೇಲೂ ಅದೇ. ನಮ್ಮ ಅತ್ತೆಯವರು ಆ ತಿಂಗಳು ಅಂಗಳದಲ್ಲಿ ಏನನ್ನೂ ಒಣಗಿಸುವುದಿಲ್ಲ. ಓದು ಬರಹ ಬಾರದ ಅವರಿಗೆ ಗೊತ್ತಾಗಿದ್ದು ನಮಗೆ ಗೊತ್ತಾಗೋಕೆ ಇಷ್ಟು ವರ್ಷ ಬೇಕಾಯಿತು.

ನಾವು ಸುಮ್ಮನೆ ಕೂತಿಲ್ಲ. ಎರಡು ವರ್ಷದ ಹಿಂದೆ ಗ್ರಾಮಸಭೆಯಲ್ಲಿ ಮಾತೆತ್ತಿದೆ. ಎಲ್ಲರ ಸಹಿ ಹಾಕಿಸಿ ಒಂದು ಇಲಾಖೆಯ ಕಚೇರಿಗೆ ಅರ್ಜಿ ಕೊಟ್ಟೆವು. ಇದು ನಮ್ಮ ವ್ಯಾಪ್ತಿಗೆ ಬರಲ್ಲ ಅಂತ ಇನ್ನೊಂದು ಕಚೇರಿಗೆ ಕಳಿಸಿದರು. ಅಲ್ಲಿ ಗಣಿಯ ಗುತ್ತಿಗೆ ನಂಬರ್ ಕೇಳಿದರು. ನಮ್ಮ ಮಾವನವರು ಹುಟ್ಟುವ ಮುಂಚೆ ಮುಚ್ಚಿದ ಗಣಿಯ ಗುತ್ತಿಗೆ ನಂಬರ್ ನಾವು ಎಲ್ಲಿಂದ ತರೋಣ? ಮೂರನೇ ಕಡೆ ಒಬ್ಬ ಅಧಿಕಾರಿ ಸಮಾಧಾನದಿಂದ ಕೂರಿಸಿ ಕೇಳಿದರು. ಕಡೆಗೆ, ‘ಅಮ್ಮಾ, ನಮ್ಮ ಲ್ಯಾಬಿನಲ್ಲಿ ಆ ಪರೀಕ್ಷೆ ಆಗಲ್ಲ’ ಅಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು ಅವರೊಬ್ಬರೇ.

ನೀವೇ ಖಾಸಗಿಯಾಗಿ ಪರೀಕ್ಷೆ ಮಾಡಿಸಬಹುದಲ್ಲ ಅಂತ ಕೆಲವರು ಅಂದರು. ಸಂಘದಲ್ಲಿ ಅದನ್ನೂ ಮಾತಾಡಿದ್ದೇವೆ. ಲೋಹಗಳ ಪರೀಕ್ಷೆಗೆ ನೀರು ತೆಗೆಯೋಕೆ ಒಂದು ಕ್ರಮ ಇದೆ. ಬಾಟಲಿ ಶುದ್ಧ ಇರಬೇಕು, ತೆಗೆದ ಕೂಡಲೇ ಆಮ್ಲ ಹಾಕಿ ಇಡಬೇಕು, ಯಾವ ಬೋರು, ಎಷ್ಟು ಆಳ ಅಂತ ಬರೆಯಬೇಕು. ಒಂದು ಬಾಟಲಿ ಸಾಕಾಗಲ್ಲ. ಬೇಸಿಗೆಯಲ್ಲಿ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ನೋಡಬೇಕು. ಅಷ್ಟು ಮಾಡಿ ನಾವು ವರದಿ ತಂದರೂ, ಇದು ಸರ್ಕಾರಿ ವರದಿಯಲ್ಲ ಅಂತ ಪಕ್ಕಕ್ಕಿಟ್ಟರೆ? ಸಂಘದ ಉಳಿತಾಯದ ದುಡ್ಡು ಹೆಂಗಸರು ಕೂಲಿ ಮಾಡಿ ಕಟ್ಟಿದ್ದು. ಅದನ್ನು ಹಾಗೆ ಕಳೆಯುವ ಧೈರ್ಯ ನನಗಿಲ್ಲ.

ಈ ನಡುವೆ ಒಂದು ಘಟನೆ ನಡೆಯಿತು. ಹೋದ ಬೇಸಿಗೆಯಲ್ಲಿ ಜೀಪಿನಲ್ಲಿ ನಾಲ್ಕು ಜನ ಬಂದರು. ದಿಬ್ಬದ ಮೇಲೆ ಅಲ್ಲಲ್ಲಿ ಪೈಪು ಇಳಿಸಿ ಮಣ್ಣು ತೆಗೆದು ಚೀಲಕ್ಕೆ ತುಂಬಿ ಗುರುತು ಹಾಕಿಕೊಂಡು ಹೋದರು. ನೀರಿನ ಪರೀಕ್ಷೆಯವರು ಬಂದರು ಅಂತ ನಾನು ಓಡಿದೆ. ಅವರು ನೋಡೋಕೆ ಬಂದಿದ್ದು ಪುಡಿಯಲ್ಲಿ ಇನ್ನೂ ಎಷ್ಟು ಚಿನ್ನ ಉಳಿದಿದೆ ಅಂತ. ಚಿನ್ನದ ರೇಟು ಏರಿದೆಯಲ್ಲ. ಆರ್ಸೆನಿಕ್ ಕೂಡ ನೋಡುತ್ತೀರಾ ಅಂದೆ. ನಮಗೆ ಆ ಕೆಲಸ ಇಲ್ಲಮ್ಮ ಅಂದರು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅದೇ ಚೀಲ, ಅದೇ ಮಣ್ಣು. ಇನ್ನೊಂದು ಪರೀಕ್ಷೆ ಮಾಡಿದ್ದರೆ ನನ್ನ ಪ್ರಶ್ನೆಗೆ ಉತ್ತರ ಸಿಗುತ್ತಿತ್ತು.

ಕೋಲಾರದ ಕಡೆ ನೋಡಿ. ಕೆಜಿಎಫ್ ಗಣಿ 2001ರ ಫೆಬ್ರವರಿ 28ರಂದು ನಿಂತಿತು. ನೂರಿಪ್ಪತ್ತು ವರ್ಷದಲ್ಲಿ ಅಲ್ಲಿಂದ ಹೋದ ಚಿನ್ನ ಸುಮಾರು 800 ಟನ್. ಉಳಿದದ್ದು 13 ಪುಡಿ ಗುಡ್ಡಗಳು. ಇಷ್ಟು ವರ್ಷ ಅಲ್ಲಿನ ಜನ ಗಾಳಿಕಾಲದಲ್ಲಿ ಬಾಗಿಲು ಮುಚ್ಚಿಕೊಂಡು ದೂಳು ಕುಡಿದರು. 2024ರಲ್ಲಿ ಆ 13 ಗುಡ್ಡಗಳಿಂದ ಮತ್ತೆ ಖನಿಜ ತೆಗೆಯುವ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಗುಡ್ಡ ಕರಗಿದರೆ ಒಳ್ಳೆಯದೇ ಆಗಬಹುದು, ಸರಿಯಾಗಿ ಮಾಡಿದರೆ. ನಮ್ಮ ದಿಬ್ಬವನ್ನೂ ನಾಳೆ ಯಾರಾದರೂ ಚಿನ್ನಕ್ಕಾಗಿ ಮುಟ್ಟುವುದಾದರೆ ಅದಕ್ಕೂ ನನ್ನ ವಿರೋಧವಿಲ್ಲ. ಮುಟ್ಟುವ ಮೊದಲು ಅದರಲ್ಲಿ ಏನಿದೆ ಅಂತ ಊರಿಗೆ ಹೇಳಬೇಕು. ಚಿನ್ನ ತೆಗೆದ ಮೇಲೆ ಉಳಿಯುವ ಪುಡಿಯನ್ನು ಎಲ್ಲಿ, ಯಾವ ತಳಹಾಸಿನ ಮೇಲೆ, ಯಾವ ಮುಚ್ಚಿಗೆಯ ಕೆಳಗೆ ಇಡುತ್ತಾರೆ ಅಂತ ಬರೆದು ಕೊಡಬೇಕು. ಎರಡನೇ ಸಲ ಬಿಟ್ಟು ಹೋಗುವುದನ್ನು ನಾವು ಒಪ್ಪುವುದಿಲ್ಲ.

ಕಾನೂನಿನ ಕಡೆಯಿಂದ ನೋಡಿದರೆ ನಮ್ಮಂಥ ಊರು ಎರಡು ಬಾಗಿಲ ನಡುವೆ ನಿಂತ ಹಾಗಿದೆ. ಗಣಿ ಮುಚ್ಚುವಾಗ ಜಾಗವನ್ನು ಸರಿಪಡಿಸುವ ಯೋಜನೆ ಕೊಡಬೇಕು ಅನ್ನುವ ನಿಯಮ ಕಡ್ಡಾಯವಾದದ್ದು 2003ರಲ್ಲಿ. ನಮ್ಮ ಗಣಿ ಅದಕ್ಕಿಂತ ಎಷ್ಟೋ ಹಿಂದಿನದು. 2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಕಲುಷಿತ ಜಾಗಗಳ ನಿರ್ವಹಣೆಗೆ ಹೊಸ ನಿಯಮ ತಂದಿತು. ಓದಿ ಸಂತೋಷವಾಯಿತು. ಮುಂದೆ ಓದಿದರೆ ಗಣಿಗಾರಿಕೆಯಿಂದ ಆದ ಮಾಲಿನ್ಯವನ್ನು ಆ ನಿಯಮದಿಂದ ಹೊರಗಿಟ್ಟಿದ್ದಾರೆ. ಹಾಗಾದರೆ ನಾವು ಯಾರ ಹತ್ತಿರ ಹೋಗಬೇಕು? ಗಣಿ ಮಾಡಿದವರಿಲ್ಲ, ಗಣಿಯ ಕಾನೂನು ಆಗ ಇರಲಿಲ್ಲ, ಮಾಲಿನ್ಯದ ಕಾನೂನು ಈಗ ಒಪ್ಪುತ್ತಿಲ್ಲ. ಅದಕ್ಕೇ ತಮ್ಮ ಹತ್ತಿರ ಬಂದಿದ್ದೇನೆ. ಜನರ ಆರೋಗ್ಯಕ್ಕೆ ತೊಂದರೆ ಕೊಡುವುದನ್ನು ತೆಗೆಸುವ ಅಧಿಕಾರ ಜಿಲ್ಲಾ ದಂಡಾಧಿಕಾರಿಯೂ ಆಗಿರುವ ತಮಗೆ ಇದೆ. ಅದಕ್ಕೆ ಗುತ್ತಿಗೆ ನಂಬರ್ ಬೇಕಾಗಿಲ್ಲ.

ದುಡ್ಡಿನ ದಾರಿಯೂ ಇದೆ. ಈ ಜಿಲ್ಲೆಯಲ್ಲಿ ಕಬ್ಬಿಣದ ಅದಿರು ತೆಗೆಯುವವರು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಹಣ ಕಟ್ಟುತ್ತಾರೆ. ಗಣಿ ಕಾನೂನಿಗೆ ಮಾಡಿದ 2015ರ ತಿದ್ದುಪಡಿಯಿಂದ ಬಂದ ವ್ಯವಸ್ಥೆ ಅದು. ಗಣಿಯಿಂದ ತೊಂದರೆಗೆ ಒಳಗಾದ ಜನರಿಗಾಗಿಯೇ ಇರುವ ಹಣ. ಅದರಲ್ಲಿ ದೊಡ್ಡ ಪಾಲನ್ನು ಕುಡಿಯುವ ನೀರು, ಆರೋಗ್ಯ, ಪರಿಸರದಂಥ ಕೆಲಸಗಳಿಗೆ ಇಡಬೇಕು ಅನ್ನುತ್ತದೆ ನಿಯಮ. ಸಮುದಾಯ ಭವನ, ರಸ್ತೆ ಬೇಡ ಅನ್ನುವುದಿಲ್ಲ. ಒಂದಿಷ್ಟು ಬಾಟಲಿ ನೀರು, ಒಂದಿಷ್ಟು ಚೀಲ ಮಣ್ಣಿನ ಪರೀಕ್ಷೆಗೆ ಆ ಹಣದಲ್ಲಿ ಎಷ್ಟು ಖರ್ಚಾದೀತು?

ಹಾಗಾಗಿ ತಮ್ಮಲ್ಲಿ ನಮ್ಮ ಕೋರಿಕೆ ಹೀಗಿದೆ. ಮೊದಲನೆಯದು ಇವತ್ತೇ ಆಗುವಂಥದು: ದಿಬ್ಬದಿಂದ ಪುಡಿ ಸಾಗಿಸುವುದನ್ನು ನಿಲ್ಲಿಸಿ. ಒಂದು ಬೋರ್ಡು ಹಾಕಿಸಿ, ಕನ್ನಡದಲ್ಲಿ, ಕಾರಣ ಬರೆದು. ಬರೀ ನಿಷೇಧ ಅಂತ ಬರೆದರೆ ರಾತ್ರಿ ಟ್ರ್ಯಾಕ್ಟರ್ ಬರುತ್ತದೆ. ಕಾರಣ ಗೊತ್ತಾದರೆ ನಮ್ಮ ಜನರೇ ತಡೆಯುತ್ತಾರೆ. ಬಾಯಿ ತೆರೆದ ಗಣಿ ಬಾವಿಗಳಿಗೆ ಬೇಲಿ ಹಾಕಿಸಿ, ಹೋದ ವರ್ಷ ಒಂದು ಮೇಕೆ ಬಿದ್ದಿದೆ, ಮಗು ಬೀಳುವವರೆಗೆ ಕಾಯುವುದು ಬೇಡ. ಅಂಗನವಾಡಿ ಮುಂದಿನ ಪುಡಿಯನ್ನು ತೆಗೆಸಿ ಒಳ್ಳೆ ಮಣ್ಣು ಹಾಕಿಸಿ. ಅದಕ್ಕೆ ಪರೀಕ್ಷೆಯ ಫಲಿತಾಂಶ ಬರಲಿ ಅಂತ ಕಾಯಬೇಕಾಗಿಲ್ಲ. ತೆಗೆದದ್ದನ್ನು ಇನ್ನೊಂದು ತಗ್ಗಿಗೆ ಸುರಿಯದಂತೆ ದಯವಿಟ್ಟು ಯಾರನ್ನಾದರೂ ನಿಲ್ಲಿಸಿ ನೋಡಿಕೊಳ್ಳಿ.

ಆಮೇಲೆ ಪರೀಕ್ಷೆ. ಊರಿನ ಎಲ್ಲ ಬೋರು, ಗೋಕಟ್ಟೆ, ಹಳ್ಳ, ದಿಬ್ಬದ ಪುಡಿ, ಕೆಳಗಿನ ಹೊಲ, ಅಂಗಳದ ಮಣ್ಣು, ಇಷ್ಟರಲ್ಲೂ ಆರ್ಸೆನಿಕ್, ಪಾದರಸ, ಸೀಸ, ತಾಮ್ರ, ಆಮ್ಲತೆ ನೋಡಿಸಿ. ಮಾನ್ಯತೆ ಪಡೆದ ಲ್ಯಾಬಿಗೆ ಕಳಿಸಿ. ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದು ಅಂತ ನಮ್ಮ ದೇಶದ ಮಾನದಂಡವೇ ಹೇಳುತ್ತದೆ. ಫಲಿತಾಂಶವನ್ನು ಕಡತದಲ್ಲಿ ಇಡಬೇಡಿ. ಪಂಚಾಯಿತಿ ಗೋಡೆಗೆ ಹಾಕಿಸಿ, ಗ್ರಾಮಸಭೆಯಲ್ಲಿ ಓದಿಸಿ. ಚೆನ್ನಾಗಿ ಬಂದರೆ ನಾನೇ ಮೈಕ್ ಹಿಡಿದು ಊರಿಗೆಲ್ಲ ಹೇಳುತ್ತೇನೆ, ಹೆದರಿಸಿದ್ದಕ್ಕೆ ಕ್ಷಮೆಯನ್ನೂ ಕೇಳುತ್ತೇನೆ. ಕೆಟ್ಟದ್ದು ಬಂದರೆ ಆರೋಗ್ಯ ಇಲಾಖೆಯವರು ಮನೆಮನೆಗೆ ಬಂದು ಜನರ ಕೈಕಾಲು ನೋಡಲಿ, ಅಡುಗೆಗೂ ಬೇರೆ ನೀರು ಕೊಡಲಿ.

ನಮ್ಮೂರು ಒಂದಕ್ಕೇ ಕೇಳುತ್ತಿಲ್ಲ. ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಹತ್ತಿರ, ಭೂವೈಜ್ಞಾನಿಕ ಸರ್ವೇಕ್ಷಣೆಯವರ ಹತ್ತಿರ ಹಳೇ ಗಣಿಗಳ ನಕ್ಷೆ ಇರುತ್ತದೆ. ಅದನ್ನು ನೀರಿನ ಇಲಾಖೆಯ ಬೋರುಗಳ ಪಟ್ಟಿಯ ಪಕ್ಕದಲ್ಲಿ ಇಟ್ಟು ನೋಡಿದರೆ ಸಾಕು, ಯಾವ ಊರಿನ ವರದಿಯಲ್ಲಿ ಆರ್ಸೆನಿಕ್ ಸಾಲು ಸೇರಿಸಬೇಕು ಅಂತ ಒಂದು ದಿನದಲ್ಲಿ ಗೊತ್ತಾಗುತ್ತದೆ. ದಾವಣಗೆರೆ ಜಿಲ್ಲಾಧಿಕಾರಿಗಳ ಜೊತೆಗೂ ತಾವು ಮಾತಾಡಿದರೆ ನ್ಯಾಮತಿ, ಹೊನ್ನಾಳಿ ಕಡೆಯೂ ಇದೇ ಕೆಲಸ ಆದೀತು. ಭದ್ರಾ ಮೇಲ್ದಂಡೆ ಯೋಜನೆಯ ನೀರು ನಮ್ಮ ಕೆರೆಗಳಿಗೆ ಬರುತ್ತದೆ ಅಂತ ಎಲ್ಲರೂ ಕಾಯುತ್ತಿದ್ದೇವೆ. ಬಂದಾಗ ಅಂತರ್ಜಲ ಮೇಲೆ ಬರುತ್ತದೆ, ಬತ್ತಿದ ಬೋರುಗಳಿಗೆ ಜೀವ ಬರುತ್ತದೆ. ಆ ನೀರು ಮೇಲೆ ಬರುವ ದಾರಿಯಲ್ಲಿ ಹಳೇ ಗಣಿಯ ಸುರಂಗ, ಪುಡಿ ಇವೆಯಾ ಅಂತ ಈಗಲೇ ನೋಡಿಡುವುದು ಒಳ್ಳೆಯದು.

ನನ್ನ ಮಗಳಿಗೆ ಈಗ ಹದಿಮೂರು. ಅಂಗಳದ ಪುಡಿಯನ್ನು ನಾವು ಕೆರೆದು ತೆಗೆದಿದ್ದೇವೆ. ಮನೆಯ ಪಾಯದಲ್ಲಿ ಇರುವುದನ್ನು ತೆಗೆಯೋಕಾಗಲ್ಲ. ಕೆರೆದು ತೆಗೆದ ಪುಡಿಯನ್ನು ಒಂಬತ್ತು ಚೀಲದಲ್ಲಿ ಕಟ್ಟಿ, ಮೇಲೆ ತಾಡಪತ್ರಿ ಹೊದಿಸಿ ಹಿತ್ತಲಲ್ಲಿ ಇಟ್ಟಿದ್ದೇವೆ. ಎಲ್ಲಿ ಹಾಕಬೇಕು ಅಂತ ಯಾರೂ ಹೇಳದ ಕಾರಣ ಅಲ್ಲೇ ಇದೆ. ತಮ್ಮ ಕಡೆಯವರು ಬಂದರೆ ಮೊದಲ ಮಾದರಿಯನ್ನು ಅಲ್ಲಿಂದಲೇ ತೆಗೆಯಬಹುದು. ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ, ಸಂಜೆ ಐದರ ಮೇಲೆ ನಾನು ನೀರಿನ ಘಟಕದಲ್ಲಿ ಇರುತ್ತೇನೆ. ದಿಬ್ಬಕ್ಕೆ, ಗೋಕಟ್ಟೆಗೆ, ಮೈದುನನ ಹೊಲಕ್ಕೆ ನಾನೇ ದಾರಿ ತೋರಿಸುತ್ತೇನೆ. ಆಷಾಢಕ್ಕೆ ಮುಂಚೆ ಬಂದರೆ ಅನುಕೂಲ, ಗಾಳಿ ಎದ್ದ ಮೇಲೆ ದಿಬ್ಬದ ಮೇಲೆ ನಿಲ್ಲೋಕಾಗಲ್ಲ.

ಗೌರವದಿಂದ,

ತಮ್ಮ ಜಿಲ್ಲೆಯ ಒಬ್ಬ ಹೆಣ್ಣುಮಗಳು,
ಸ್ತ್ರೀಶಕ್ತಿ ಸಂಘದ ಎಲ್ಲ ಸದಸ್ಯರ ಪರವಾಗಿ